ಕಸಮ್ ಪರೇಡ್: ಕಡಕೊಳದಿಂದ ಹೊರಡುವ ಹೆತ್ತವರಿಗೊಂದು ಮಾಹಿತಿ

ಸೇನೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಹೆಸರುಗಳು. ಅಲ್ಲಿನ ಮನೆಗಳಲ್ಲಿ ಸೈನ್ಯದ ರೀತಿ-ರಿವಾಜುಗಳನ್ನು ಹೇಳಿಕೊಡಲು ಅಜ್ಜನೋ ಮಾವನೋ ಇದ್ದೇ ಇರುತ್ತಾರೆ. ಮೈಸೂರು-ನಂಜನಗೂಡು ಹೆದ್ದಾರಿಯ ಕಡಕೊಳದಂಥ ಊರಿನ ಸ್ಥಿತಿ ಬೇರೆ. ಒಂದು ಕಡೆ ಮಂಡಕಳ್ಳಿ ವಿಮಾನ ನಿಲ್ದಾಣ, ಇನ್ನೊಂದು ಕಡೆ ನಂಜನಗೂಡಿನ ಕಾರ್ಖಾನೆಗಳು. ಓದು ಮುಗಿಸಿದ ಹುಡುಗರು ಸಾಮಾನ್ಯವಾಗಿ ಆ ಕಾರ್ಖಾನೆಗಳ ಕಡೆಗೇ ಮುಖ ಮಾಡುತ್ತಾರೆ. ಇಂಥ ಊರಿನಿಂದ ಒಬ್ಬ ಸೇನೆಗೆ ಸೇರಿದನೆಂದರೆ ಅನೇಕ ವೇಳೆ ಆ ವಂಶದಲ್ಲಿ ಅವನೇ ಮೊದಲಿಗ. ಭರ್ತಿ ರ‍್ಯಾಲಿಯ ವಿವರಗಳು ಪತ್ರಿಕೆಗಳಲ್ಲಿ ಬರುತ್ತವೆ. ತರಬೇತಿ ಮುಗಿಯುವ ದಿನ ಹೆತ್ತವರು ಎಲ್ಲಿಗೆ ಹೋಗಬೇಕು, ಅಂದು ಏನು ನಡೆಯುತ್ತದೆ ಎಂಬುದನ್ನು ಹೇಳುವವರು ಕಡಿಮೆ.

ಪತ್ರಿಕೆಗಳು ‘ನಿರ್ಗಮನ ಪಥಸಂಚಲನ’ ಎಂದೂ, ಜನ ‘ಪಾಸಿಂಗ್ ಔಟ್’ ಎಂದೂ ಕರೆಯುವ ಈ ಸಮಾರಂಭಕ್ಕೆ ಭೂಸೇನೆಯ ಸಿಪಾಯಿಗಳು ಇಟ್ಟ ಹೆಸರು ‘ಕಸಮ್ ಪರೇಡ್’. ಕಸಮ್ ಎಂದರೆ ಪ್ರಮಾಣ. ಹೆಸರಿನಲ್ಲೇ ವಿಷಯವಿದೆ. ಇದು ಶಾಲೆಯ ವಾರ್ಷಿಕೋತ್ಸವದಂಥ ಸಡಗರವಲ್ಲ, ಕಾನೂನಿನ ಒಂದು ಕ್ರಿಯೆ. 1950ರ ಸೇನಾ ಕಾಯ್ದೆಯ ಪ್ರಕಾರ, ಯೋಧನಾಗಿ ದಾಖಲಾದವನು ಕರ್ತವ್ಯಕ್ಕೆ ಅರ್ಹನೆನಿಸಿದ ಮೇಲೆ ಪ್ರಮಾಣ ಸ್ವೀಕರಿಸಬೇಕು. ಆ ಪ್ರಮಾಣವನ್ನು ಅವನ ದಳದವರ ಎದುರಿನಲ್ಲಿಯೇ ಬೋಧಿಸಬೇಕು ಎಂಬುದು ಕಾಯ್ದೆ ಹೇಳುವ ಕ್ರಮ. ಸಂವಿಧಾನಕ್ಕೆ ನಿಷ್ಠನಾಗಿರುವುದು, ನೆಲ, ಜಲ, ಆಕಾಶ ಯಾವ ಮಾರ್ಗದಲ್ಲಾದರೂ ಆದೇಶವಾದಲ್ಲಿಗೆ ಹೋಗುವುದು, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುವುದು ಅದರ ಸಾರ. ಧರ್ಮಗುರುಗಳು ತಂದ ಪವಿತ್ರ ಗ್ರಂಥಗಳ ಸಾಕ್ಷಿಯಾಗಿ, ರಾಷ್ಟ್ರಧ್ವಜದ ಸಮ್ಮುಖದಲ್ಲಿ ಇದು ನಡೆಯುತ್ತದೆ. ಆಜ್ಞೆಗಳೆಲ್ಲ ಹಿಂದಿಯಲ್ಲಿ: ಸಾವಧಾನ್, ವಿಶ್ರಾಮ್, ದಾಹಿನೇ ದೇಖ್. ಅರ್ಥವಾಗದಿದ್ದರೂ ಚಿಂತೆಯಿಲ್ಲ. ಸಾಲುಸಾಲು ಒಂದೇ ಸಮವಸ್ತ್ರ, ಒಂದೇ ಕ್ಷೌರ, ಒಂದೇ ಹೆಜ್ಜೆಯ ನಡುವೆ ಮಗನನ್ನು ಗುರುತಿಸುವುದೇ ತಾಯಂದಿರಿಗೆ ದೊಡ್ಡ ಕೆಲಸ.

ಅಗ್ನಿಪಥ ಯೋಜನೆ ಘೋಷಣೆಯಾದದ್ದು 2022ರ ಜೂನ್ 14ರಂದು. ಅದರಡಿ ಕಾಲಾಳು ಪಡೆಗೆ ಸೇರಿದ ಅಗ್ನಿವೀರನ ತರಬೇತಿ 31 ವಾರ. ಮೊದಲ 10 ವಾರ ಮೂಲ ಸೈನಿಕ ಶಿಕ್ಷಣ, ಉಳಿದದ್ದು ಮುಂದಿನ ಹಂತದ ಶಿಕ್ಷಣ. ಇದಿಷ್ಟು ಮುಗಿದ ಬಳಿಕವೇ ಪರೇಡ್.

ಎಲ್ಲಿಗೆ ಹೋಗಬೇಕು?

ಹೆತ್ತವರು ತಪ್ಪು ತಿಳಿಯುವುದು ಇಲ್ಲಿಯೇ. ತರಬೇತಿ ಕೇಂದ್ರವನ್ನು ನಿರ್ಧರಿಸುವುದು ಊರಲ್ಲ, ಸೇರಿದ ದಳ. ಎಂಜಿನಿಯರುಗಳ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಸೇರಿದವರಿಗೆ ಬೆಂಗಳೂರಿನ ಹಲಸೂರು ಬಳಿಯ ಎಂಇಜಿ ಕೇಂದ್ರ. ಪ್ಯಾರಾಚೂಟ್ ರೆಜಿಮೆಂಟ್ ಹಾಗೂ ಮಿಲಿಟರಿ ಪೊಲೀಸ್ ಕೇಂದ್ರಗಳೂ ರಾಜಧಾನಿಯಲ್ಲಿಯೇ ಇವೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ವಾಯುಪಡೆಯ ಅಗ್ನಿವೀರವಾಯುಗಳು ತರಬೇತಿ ಪಡೆಯುವ ಶಾಲೆ ಅಲ್ಲಿಯೇ ಸಾಂಬ್ರಾದಲ್ಲಿದೆ. ನೌಕಾಪಡೆ ಸೇರಿದವರಾದರೆ ಒಡಿಶಾದ ಚಿಲಿಕಾ ಸರೋವರದ ದಂಡೆಯ ಐಎನ್ಎಸ್ ಚಿಲ್ಕಾ ವರೆಗೆ ಹೋಗಬೇಕು. ನೌಕಾಪಡೆಯ ಮೊದಲ ಅಗ್ನಿವೀರರ ತಂಡ 2023ರ ಮಾರ್ಚ್ 28ರಂದು ಅಲ್ಲಿಂದ ನಿರ್ಗಮಿಸಿತು. ಸುಮಾರು 2,600 ಮಂದಿಯ ಆ ಪಥಸಂಚಲನ ನಡೆದದ್ದು ಸೂರ್ಯಾಸ್ತದ ನಂತರ; ನಮ್ಮ ಸೇನಾಪಡೆಗಳಲ್ಲಿ ಅದು ಮೊದಲ ಸಲ.

ಕಡಕೊಳದವರಿಗೆ ಹತ್ತಿರವೆನಿಸಿಯೂ ತೊಡಕಾಗುವ ಕೇಂದ್ರವೊಂದಿದೆ. ಅದು ನೀಲಗಿರಿಯ ವೆಲಿಂಗ್ಟನ್. 1758ರಲ್ಲಿ ಹುಟ್ಟಿದ ಮದ್ರಾಸ್ ರೆಜಿಮೆಂಟಿನ ಕೇಂದ್ರ ಅಲ್ಲಿದೆ, ದಕ್ಷಿಣ ಭಾರತದ ಹುಡುಗರು ಸೇರುವ ಹಳೆಯ ದಳವದು. ದಾರಿ ಮನೆಯ ಮುಂದಿನಿಂದಲೇ ಹಾದುಹೋಗುತ್ತದೆ: ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಊಟಿ, ಅಲ್ಲಿಂದ ಕೂನೂರಿನ ಕಡೆಗೆ ಇಳಿದರೆ ವೆಲಿಂಗ್ಟನ್. ನಾಲ್ಕೈದು ಗಂಟೆಯ ಹಾದಿಯಷ್ಟೇ, ಮುಂಜಾನೆ ಮೂರಕ್ಕೆ ಹೊರಟರಾಯಿತು ಎಂದು ಲೆಕ್ಕ ಹಾಕಿದವರು ಸಿಕ್ಕಿಬೀಳುತ್ತಾರೆ. ಬಂಡೀಪುರ ಅರಣ್ಯದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಆರು ಗಂಟೆಗೆ ಗೇಟು ತೆರೆದ ಮೇಲೆ ಕಾಡು ದಾಟಿ, ಘಾಟಿ ಹತ್ತಿ ತಲುಪುವಷ್ಟರಲ್ಲಿ ಪರೇಡ್ ಮುಗಿದೇಹೋಗಬಹುದು, ಏಕೆಂದರೆ ಇಂಥ ಸಮಾರಂಭಗಳು ಬೆಳಿಗ್ಗೆ ಬೇಗನೆ ಆರಂಭವಾಗುವುದು ವಾಡಿಕೆ. ಆದ್ದರಿಂದ ಹಿಂದಿನ ದಿನವೇ, ಬೆಳಕಿರುವಾಗಲೇ ಕಾಡು ದಾಟಿ ಕೂನೂರಿನಲ್ಲಿ ತಂಗುವುದೊಂದೇ ದಾರಿ. ಇನ್ನೊಂದು ಮಾತು: ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೊರಗಿನ ವಾಹನ ಒಯ್ಯುವವರು ಇ-ಪಾಸ್ ಪಡೆಯಬೇಕಾದ ನಿಯಮ ಬಂದಿದೆ. ಸರಕಾರಿ ಬಸ್ಸಿನ ಪ್ರಯಾಣಿಕರಿಗೆ ಇದರ ಗೊಡವೆಯಿಲ್ಲ. ಕಾರು, ವ್ಯಾನ್ ಬಾಡಿಗೆಗೆ ಗೊತ್ತುಮಾಡುವವರು ಪಾಸ್ ಯಾರು ಮಾಡಿಸುತ್ತಾರೆಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ. ಮಸಿನಗುಡಿ ಮೇಲಿನ ದಾರಿ ಹತ್ತಿರವಾದರೂ ಕಲ್ಲಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ವಯಸ್ಸಾದವರು ಜೊತೆಯಲ್ಲಿದ್ದರೆ ಗೂಡಲೂರಿನ ಸುತ್ತುದಾರಿಯೇ ಲೇಸು. ಸ್ವೆಟರ್, ಶಾಲು ಮರೆಯುವಂತಿಲ್ಲ.

ಬೆಳಗಾವಿಗೆ ಹೋಗುವವರಿಗೆ ರೈಲು ಅನುಕೂಲ. ಆದರೆ ಕಡಕೊಳ ನಿಲ್ದಾಣವಿರುವುದು ಚಾಮರಾಜನಗರ ಮಾರ್ಗದಲ್ಲಿ, ಹಾಗಾಗಿ ಮೊದಲು ಮೈಸೂರಿಗೆ ಬಂದು ಬೇರೆ ಗಾಡಿ ಹಿಡಿಯಬೇಕು.

ತರಬೇತಿ ಕೇಂದ್ರಗಳು ದಂಡು ಪ್ರದೇಶದಲ್ಲಿರುತ್ತವೆ. ಪ್ರತಿಯೊಬ್ಬರ ಬಳಿಯೂ ಗುರುತಿನ ಚೀಟಿ ಇರಬೇಕು. ಎಷ್ಟು ಮಂದಿ ಬರಬಹುದು, ಮೊಬೈಲ್, ಕ್ಯಾಮೆರಾ ಒಯ್ಯಬಹುದೇ ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತದೆ. ಮಗ ದೂರವಾಣಿಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಉತ್ತಮ. ಅವನಿಗೆ ಮಾತಾಡಲು ಸಿಗುವ ಸಮಯ ಕಡಿಮೆ; ಊರಿನ ಸುದ್ದಿಯಲ್ಲೇ ಅದು ಕಳೆದುಹೋಗಿ, ಗೇಟಿನ ಹೆಸರು ಕೇಳುವುದು ಮರೆತುಹೋದದ್ದುಂಟು. ಚಕ್ಕುಲಿ, ಕೋಡುಬಳೆ, ನಂಜನಗೂಡಿನ ರಸಬಾಳೆ ಕಟ್ಟಿಕೊಂಡು ಹೋಗುವ ಆಸೆ ಸಹಜವೇ. ರಸಬಾಳೆ ಮಾತ್ರ ಬಹುಬೇಗ ಕಳಿಯುವ ಹಣ್ಣು, ಬೆಳಗಾವಿಯ ದಾರಿಗೆ ಅದು ತಾಳದು.

ಪದಕ ಪಾಲಕರಿಗೆ

ಪರೇಡಿನ ನಂತರ ಉತ್ತಮ ಸಾಧನೆ ತೋರಿದವರಿಗೆ ಪದಕಗಳು ಸಲ್ಲುತ್ತವೆ. ಅದಕ್ಕಿಂತ ಹೆಚ್ಚು ಗಮನ ಸೆಳೆಯುವುದು ‘ಗೌರವ ಪದಕ’. ಇದು ಯೋಧನಿಗಲ್ಲ, ಅವನನ್ನು ಹೆತ್ತವರಿಗೆ ಸೇನೆ ತೊಡಿಸುವ ಪದಕ. ಗದ್ದೆಯಲ್ಲಿ ದುಡಿದ ಕೈಗಳಿಗೂ ಗಾರ್ಮೆಂಟ್ಸ್‌ನಲ್ಲಿ ದುಡಿದ ಕೈಗಳಿಗೂ ಅಧಿಕಾರಿಗಳು ಸೆಲ್ಯೂಟ್ ಮಾಡುವ ಗಳಿಗೆಯದು. ತಂದೆ-ತಾಯಿ ಇಬ್ಬರೂ ಹೋಗಲಾಗದಿದ್ದರೆ ಒಬ್ಬರಾದರೂ ಹೋಗಬೇಕೆಂದು ಹಿರಿಯ ಸೈನಿಕರು ಹೇಳುವುದು ಇದಕ್ಕಾಗಿಯೇ.

ಹೆತ್ತವರಿಲ್ಲದ ಪರೇಡ್ ಹೇಗಿರುತ್ತದೆಂಬುದನ್ನು ಕೋವಿಡ್ ತೋರಿಸಿತು. 2020ರ ಜೂನ್ 13ರಂದು ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಕುಟುಂಬಗಳಿಗೆ ಪ್ರವೇಶವಿರಲಿಲ್ಲ. ಹೊಸ ಅಧಿಕಾರಿಗಳ ಹೆಗಲಿಗೆ ನಕ್ಷತ್ರ ತೊಡಿಸುವ ತಂದೆ-ತಾಯಿಯರ ಕೆಲಸವನ್ನು ಅಲ್ಲಿನ ಶಿಕ್ಷಕರು ಮತ್ತು ಅವರ ಕುಟುಂಬದವರೇ ಮಾಡಿದರು. 2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 83 ಯುವತಿಯರು ಪ್ರಮಾಣ ಸ್ವೀಕರಿಸಿದರು. ಸೇನೆಯ ಮಿಲಿಟರಿ ಪೊಲೀಸ್ ದಳಕ್ಕೆ ಸೇರಿದ ಮಹಿಳೆಯರ ಮೊದಲ ತಂಡವದು, 61 ವಾರಗಳ ತರಬೇತಿ ಮುಗಿಸಿದ್ದರು. ಇತಿಹಾಸದಲ್ಲಿ ದಾಖಲಾದ ಆ ದಿನವೂ ಸೋಂಕಿನ ಕಾರಣ ಸರಳವಾಗಿಯೇ ಕಳೆಯಿತು.

ಪರೇಡಿನ ದಿನವೇ ಮಗ ಜೊತೆಯಲ್ಲಿ ಮನೆಗೆ ಬರುತ್ತಾನೆಂದು ನಂಬಿ ಅವನಿಗೂ ಸೇರಿಸಿ ಟಿಕೆಟ್ ಕಾದಿರಿಸುವವರಿದ್ದಾರೆ. ರಜೆ ಸಾಮಾನ್ಯವಾಗಿ ಸಿಗುತ್ತದೆ. ಅಂದೇ ಹೊರಡಬಹುದೇ ಎಂಬುದು ರಜೆ ಚೀಟಿ ಕೈಗೆ ಬಂದ ಮೇಲೆಯೇ ಖಚಿತ. ಅಗ್ನಿವೀರರಿಗೆ ವರ್ಷಕ್ಕೆ 30 ದಿನ ರಜೆ, ನಾಲ್ಕು ವರ್ಷ ಸೇವೆ. ಬಳಿಕ ಒಂದು ತಂಡದಲ್ಲಿ ಶೇ. 25ರ ವರೆಗೆ ಮಾತ್ರ ಕಾಯಂ ಆಗುವ ಅವಕಾಶ. ಮನೆಯ ಸಾಲ, ತಂಗಿಯ ಮದುವೆ ಎಂಬ ಮಾತುಗಳೆಲ್ಲ ಈ ಲೆಕ್ಕದೊಳಗೇ ನಡೆಯಬೇಕು. ಊಟಿ ದಾರಿಯಲ್ಲಿ ಹಿಂದಿರುಗುವವರು ಮಧ್ಯಾಹ್ನವೇ ವೆಲಿಂಗ್ಟನ್ ಬಿಟ್ಟರೆ ರಾತ್ರಿ 9ರೊಳಗೆ ಬಂಡೀಪುರದ ಗೇಟು ದಾಟಬಹುದು.