ಗಣಿಯ ಧೂಳು, ಕೀಲಿನ ನೋವು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕುಳಿತು ಕಿಟಕಿಯಾಚೆ ನೋಡಿ. ಕೆ.ಜಿ.ಎಫ್. ಸಮೀಪಿಸುತ್ತಿದ್ದಂತೆ ಬೋಳು ದಿಬ್ಬಗಳು ಕಾಣುತ್ತವೆ. ಅದುರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ಜನರು ಹೆದರುವುದು ಸೈನೈಡಿಗೆ. ಆದರೆ ಗಣಿ ಕಾರ್ಮಿಕರನ್ನು ಹೆಚ್ಚು ಕಾಡಿದ್ದು ಸಿಲಿಕ.

ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಇಲ್ಲಿ ಗಣಿಗಾರಿಕೆ ಆರಂಭಿಸಿತು. ಚಿನ್ನವಿದ್ದದ್ದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಬೆಣಚು ಎಂದರೆ ಸಿಲಿಕಾನ್ ಡೈಆಕ್ಸೈಡ್. ಬಂಡೆ ಕೊರೆದಾಗ, ಸಿಡಿಸಿದಾಗ ಎದ್ದ ಧೂಳು ಕಾರ್ಮಿಕರ ಶ್ವಾಸಕೋಶ ಸೇರಿತು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇಕಡಾ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು.

ಈ ಧೂಳಿಗೂ ಕೀಲುಗಳಿಗೂ ಏನು ಸಂಬಂಧ? ಇದರ ಸುಳಿವು ಸಿಕ್ಕಿದ್ದು ದೂರದ ವೇಲ್ಸ್‌ನಲ್ಲಿ. 1953ರಲ್ಲಿ ಕಾರ್ಡಿಫ್‌ನ ವೈದ್ಯ ಆಂಥೊನಿ ಕ್ಯಾಪ್ಲನ್, ರುಮಟಾಯ್ಡ್ ಸಂಧಿವಾತವಿದ್ದ ಕಲ್ಲಿದ್ದಲು ಕಾರ್ಮಿಕರ ಎಕ್ಸ್-ಕಿರಣ ಚಿತ್ರಗಳಲ್ಲಿ ವಿಶಿಷ್ಟವಾದ ದುಂಡನೆಯ ಗಂಟುಗಳನ್ನು ಗುರುತಿಸಿದರು. ಮುಂದೆ ಇದಕ್ಕೆ ಕ್ಯಾಪ್ಲನ್ ಸಿಂಡ್ರೋಮ್ ಎಂಬ ಹೆಸರಾಯಿತು. ಸಿಲಿಕ ಧೂಳಿನಲ್ಲಿ ದುಡಿದವರಿಗೆ ಈ ಸಂಧಿವಾತದ ಅಪಾಯ ಹೆಚ್ಚೆಂದು ನಂತರದ ಅಧ್ಯಯನಗಳು ತೋರಿಸಿವೆ.

ಕಾರಣ ಹೀಗಿದೆ. ಶ್ವಾಸಕೋಶದ ಭಕ್ಷಕ ಕೋಶಗಳು ಸಿಲಿಕ ಕಣವನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಕೋಶ ಸಾಯುತ್ತದೆ, ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಹೀಗೆ ಉರಿಯೂತ ಆರುವುದೇ ಇಲ್ಲ. ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯು ದೇಹದ್ದೇ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ. ಕೊನೆಗೆ ಕೀಲಿನ ಒಳಪೊರೆಯ ಕೋಶಗಳು ಮಿತಿಮೀರಿ ಬೆಳೆದು ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತವೆ. ಧೂಳು ಸೇವಿಸಿದವರೆಲ್ಲರಿಗೂ ಹೀಗಾಗುವುದಿಲ್ಲ. ಆನುವಂಶಿಕ ಗುಣವೂ ಧೂಮಪಾನವೂ ಇದರಲ್ಲಿ ಪಾತ್ರ ವಹಿಸುತ್ತವೆ.

2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಶ್ವಾಸಕೋಶ ಸೇರಿದ ಸಿಲಿಕ ಕೆಲಸ ಬಿಟ್ಟ ದಿನ ಹೊರಗೆ ಹೋಗುವುದಿಲ್ಲ. ರೋಗಿಯನ್ನು ‘ನೀವು ಯಾವ ಕೆಲಸ ಮಾಡುತ್ತೀರಿ?’ ಎಂದು ತಪ್ಪದೆ ಕೇಳಬೇಕೆಂದು ಇಟಲಿಯ ವೈದ್ಯ ರಮಜ್ಜೀನಿ 1700ರಲ್ಲೇ ಹೇಳಿದ್ದರು. ಬೆರಳು ಮಡಚಲಾಗದ ಹಿರಿಯರೊಬ್ಬರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ನೀವೂ ಕೇಳಿ: ‘ಹಿಂದೆ ಯಾವ ಕೆಲಸ ಮಾಡುತ್ತಿದ್ದಿರಿ?’ ಉತ್ತರ ‘ಗಣಿ’, ‘ಕಲ್ಲುಕ್ವಾರಿ’ ಎಂದಾದರೆ, ಅದನ್ನು ವೈದ್ಯರಿಗೆ ತಿಳಿಸಲು ಹೇಳಿ.