ಬಳ್ಳಾರಿಯ ಪರವಾಗಿ ಕೇಳುವವರು

ಸಿರುಗುಪ್ಪದ ಗದ್ದೆಗಳಿಗೆ ವಿಜಯನಗರದ ಅರಸರ ಕಾಲದ ಕಾಲುವೆಯ ಆಸರೆಯಿತ್ತು. ಕುರುಗೋಡಿನ ಎರೆಯ ಹೊಲಗಳು ಬಹುಕಾಲ ಮುಗಿಲನ್ನೇ ನಂಬಿದ್ದವು. ಈ ಎರಡು ಊರುಗಳ ನಡುವೆ ಹಾದುಹೋಗುವಾಗಲೆಲ್ಲ ನನ್ನಲ್ಲೊಂದು ಪ್ರಶ್ನೆ ಏಳುತ್ತದೆ. ಮಳೆ ಕೈಕೊಟ್ಟಾಗ ಈ ನೆಲದ ಪರವಾಗಿ ಸರ್ಕಾರವನ್ನು ಕೇಳುತ್ತಿದ್ದವರು ಯಾರು?

1876–78ರ ಮಹಾಕ್ಷಾಮದಲ್ಲಿ ಅಂಥವರಿಗೆ ಸ್ಥಾನವೇ ಇರಲಿಲ್ಲ. ವೈಸ್‌ರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್, 1877ರಲ್ಲಿ, ಪರಿಹಾರ ಕಾಮಗಾರಿಯ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದರು. ಅದನ್ನು ವಿರೋಧಿಸಿದವರಲ್ಲಿ ಪ್ರಮುಖರು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಅವರೂ ಸರ್ಕಾರದ ನೌಕರರೇ. 1871 ಮತ್ತು 1881ರ ಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕುಗ್ಗಿತು.

ಮದರಾಸಿನಲ್ಲಿ 1861ರ ಕಾಯಿದೆಯಂತೆ ಶಾಸನಸಭೆಯೇನೋ ಇತ್ತು. ಆದರೆ ಅದರಲ್ಲಿ ಜನರು ಆರಿಸಿದ ಸದಸ್ಯನೊಬ್ಬನೂ ಇರಲಿಲ್ಲ. ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕೂ ಇರಲಿಲ್ಲ. ಅದೇ ಶತಮಾನದ ಅಮೆರಿಕದಲ್ಲಿ, ನ್ಯೂ ಸೇಲಂ ಎಂಬ ಹಳ್ಳಿಯ ಅಂಚೆಮಾಸ್ತರನಾಗಿದ್ದ ಅಬ್ರಹಾಂ ಲಿಂಕನ್ 1834ರಲ್ಲಿ ನೆರೆಹೊರೆಯವರ ಮತದಿಂದ ಇಲಿನಾಯ್ ರಾಜ್ಯದ ಶಾಸನಸಭೆಗೆ ಆಯ್ಕೆಯಾಗಿದ್ದ. ಅಲ್ಲಿಯೂ ಮತ ಬಿಳಿಯ ಗಂಡಸರಿಗೆ ಮಾತ್ರ ಮೀಸಲಾಗಿತ್ತು, ನಿಜ. ಆದರೂ ಹಳ್ಳಿಯ ಮಾತು ಸಭೆಯನ್ನು ಮುಟ್ಟಲು ದಾರಿಯೊಂದಿತ್ತು.

ಆ ದಾರಿಯನ್ನು ನಮಗೂ ಬೇಡಿದವರ ನಡುವೆ ಬಳ್ಳಾರಿಯ ವಕೀಲರಾದ ಕೋಲಾಚಲಂ ವೆಂಕಟರಾಯರಿದ್ದರು. 1885ರ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಪಾಠಶಾಲೆಯಲ್ಲಿ ನೆರೆದ ಮೊದಲ ಕಾಂಗ್ರೆಸ್ಸಿನ 72 ಪ್ರತಿನಿಧಿಗಳಲ್ಲಿ ಅವರೊಬ್ಬರು. ಬೆಳಗಾವಿಯಿಂದ ಭಾವೂಸಾಹೇಬ ಭಾಟೆಯವರು ಬಂದಿದ್ದರು. ಶಾಸನಸಭೆಗಳಲ್ಲಿ ಚುನಾಯಿತ ಸದಸ್ಯರಿರಬೇಕು, ಅವರಿಗೆ ಸರ್ಕಾರವನ್ನು ಪ್ರಶ್ನಿಸುವ ಹಕ್ಕು ಬೇಕು ಎಂಬುದು ಅಲ್ಲಿನ ಮುಖ್ಯ ನಿರ್ಣಯಗಳಲ್ಲೊಂದು. ಕ್ಷಾಮ ಕಳೆದು ಏಳೇ ವರ್ಷಗಳಾಗಿದ್ದವು. ಬಳ್ಳಾರಿಯಿಂದ ಹೋದವರಿಗೆ ಆ ಬೇಡಿಕೆ ಬರಿಯ ಪುಸ್ತಕದ ಮಾತಾಗಿ ಕೇಳಿಸಿರಲಾರದು ಎಂದೇ ನಾನು ನಂಬಿದ್ದೇನೆ.

1892ರ ಕಾಯಿದೆ ಅರ್ಧ ಫಲವನ್ನಷ್ಟೆ ಕೊಟ್ಟಿತು. ಪುರಸಭೆಗಳೂ ಜಿಲ್ಲಾ ಬೋರ್ಡುಗಳೂ ಹೆಸರುಗಳನ್ನು ಸೂಚಿಸಬಹುದಾಗಿತ್ತು. ನೇಮಕ ಮಾತ್ರ ಗವರ್ನರರದೇ. ಸದಸ್ಯರು ಪ್ರಶ್ನೆ ಕೇಳಬಹುದಾಗಿತ್ತು, ಆಯವ್ಯಯವನ್ನು ಚರ್ಚಿಸಬಹುದಾಗಿತ್ತು. ಅದರ ಮೇಲೆ ಮತ ಹಾಕುವಂತಿರಲಿಲ್ಲ. ಕುರುಗೋಡಿನ ಒಕ್ಕಲಿಗನೂ ಅವನ ಮಡದಿಯೂ ತಾವೇ ಮತ ಹಾಕಿದ್ದು 1952ರ ಮಹಾಚುನಾವಣೆಯಲ್ಲಿ.

ಪ್ರಶ್ನೆ ಕೇಳುವ ಹಕ್ಕು ಇಂದು ನಮಗೆ ಅಲ್ಪವೆನಿಸಬಹುದು. ಒಂದು ಪೌಂಡ್ ಧಾನ್ಯಕ್ಕೆ ದಿನವಿಡೀ ಕಲ್ಲೊಡೆದವರ ನೆನಪಿದ್ದವರಿಗೆ ಅದು ಹಾಗೆ ತೋರಿರಲಾರದು.