ಅತಿಕ್ರಮ ಪ್ರವೇಶ: ಯಾರ ಬೇಲಿ, ಯಾರ ಕಾಲು?

ಅತಿಕ್ರಮ ಪ್ರವೇಶ ಅನ್ನುವುದನ್ನು ನಾವು ಕೋರ್ಟು ಕಚೇರಿಯ ಮಾತೆಂದು ಬಿಟ್ಟುಬಿಟ್ಟಿದ್ದೇವೆ. ಆದರೆ ಕತೆ, ಕಾವ್ಯಗಳನ್ನು ಅನುಮಾನದಿಂದ ಓದುವ ದಲಿತ ವಿಮರ್ಶೆ ಕಾನೂನನ್ನೂ ಹಾಗೇ ಓದಬೇಕು. ಯಾರ ಕಾಲು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಈ ನೆಲದಲ್ಲಿ ಮೊದಲು ಬರೆದದ್ದು ಜಾತಿ. ಕಾನೂನು ಬಂದದ್ದು ಆಮೇಲೆ.

1860ರ ಭಾರತೀಯ ದಂಡ ಸಂಹಿತೆಯ 441ನೇ ಕಲಂ ಏನು ಹೇಳುತ್ತಿತ್ತು? ಇನ್ನೊಬ್ಬರ ಸ್ವಾಧೀನದಲ್ಲಿರುವ ಆಸ್ತಿಯೊಳಕ್ಕೆ ಅಪರಾಧ ಮಾಡಲು, ಇಲ್ಲವೇ ಸ್ವಾಧೀನದಲ್ಲಿರುವವರನ್ನು ಬೆದರಿಸಲು, ಅವಮಾನಿಸಲು, ಅವರಿಗೆ ಕಿರಿಕಿರಿ ಮಾಡಲು ಕಾಲಿಟ್ಟರೆ ತಪ್ಪು. ಇದಕ್ಕೆ 447ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಸಜೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಗಮನಿಸಬೇಕಾದ ಮಾತು ಎರಡು. ಒಂದು, ಸ್ವಾಧೀನ. ಜಮೀನು ಯಾರದು ಅಂತಲ್ಲ, ಯಾರ ಕೈಯಲ್ಲಿದೆ ಅಂತ ಕಲಂ ಕೇಳುತ್ತದೆ. ಇನ್ನೊಂದು, ಕಿರಿಕಿರಿ. ನೆರಳು ಬಿದ್ದರೂ ಮೈಲಿಗೆ ಅನ್ನುವ ಊರಲ್ಲಿ ಕಿರಿಕಿರಿಗೆ ಅಳತೆ ಎಲ್ಲಿಂದ ತರೋಣ?

ಮಹಾಡದ ಚವದಾರ ಕೆರೆಯ ಚರಿತ್ರೆಯನ್ನು ಈ ಕಣ್ಣಿಂದ ನೋಡಬೇಕು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತವಾಗಬೇಕೆಂದು 1923ರಲ್ಲಿ ಬೊಂಬಾಯಿ ಶಾಸನಸಭೆ ನಿರ್ಣಯ ಮಾಡಿತು. 1924ರಲ್ಲಿ ಮಹಾಡದ ಪುರಸಭೆಯೂ ಒಪ್ಪಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ನೀರು ಮುಟ್ಟಿದ್ದೇ ತಡ, ಹೊಡೆತ ಬಿತ್ತು, ಕೆರೆಗೆ ಶುದ್ಧೀಕರಣ ನಡೆಯಿತು. ಆಗಸ್ಟ್‌ನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸು ಪಡೆಯಿತು. ಡಿಸೆಂಬರಿನಲ್ಲಿ ಸವರ್ಣೀಯರು ಕೋರ್ಟಿಗೆ ಹೋಗಿ ಹೂಡಿದ ವಾದ ಏನಪ್ಪಾ ಅಂದರೆ, ಕೆರೆ ಖಾಸಗಿ ಸ್ವತ್ತು! ನಿರ್ಣಯ ಬರುವವರೆಗೆ ಬೇಕಿಲ್ಲದ ಹಕ್ಕುಪತ್ರ ಹೊಲೆಯ ಮಾದಿಗರ ಕೈ ನೀರಿಗೆ ತಾಗಿದೊಡನೆ ಬೇಕಾಯಿತು. ಡಿಸೆಂಬರ್ 14ರಂದು ತಡೆಯಾಜ್ಞೆಯೂ ಸಿಕ್ಕಿತು. ಬೊಂಬಾಯಿ ಹೈಕೋರ್ಟು ಅಂಬೇಡ್ಕರರ ಪರವಾಗಿ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ಕ್ಕೆ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಯಾರಿಗೋ ಕಿರಿಕಿರಿ ಆದೀತು ಅನ್ನುವುದು ಗೊತ್ತಿದ್ದರೆ ಸಾಲದು, ಕಿರಿಕಿರಿ ಮಾಡುವುದೇ ಒಳಹೊಕ್ಕವನ ಮುಖ್ಯ ಉದ್ದೇಶವಾಗಿರಬೇಕು ಎಂದು ಸುಪ್ರೀಂ ಕೋರ್ಟು ಮಾತ್ರಿ ಪ್ರಕರಣದಲ್ಲಿ ಹೇಳಿತು. ಇದನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ನಮ್ಮ ಕರ್ನಾಟಕದಲ್ಲಿ ಪ್ರಶ್ನೆ ತಿರುಗಾಮುರುಗಾ. ದಲಿತರಿಗೆ ಮಂಜೂರಾದ ಜಮೀನು ಸಾಲ, ಮದುವೆ, ಆಸ್ಪತ್ರೆ ಅಂತ ಉಳ್ಳವರ ಕೈ ಸೇರಿತು. ಷರತ್ತು ಮುರಿದು ಆದ ಪರಭಾರೆ ಶೂನ್ಯವೆಂದೂ ಭೂಮಿ ಮೂಲ ಮಂಜೂರುದಾರರಿಗೆ ಮರಳಬೇಕೆಂದೂ 1978ರ ಪಿಟಿಸಿಎಲ್ ಕಾಯ್ದೆ ಹೇಳಿತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ಅರ್ಜಿ ‘ಸಮಂಜಸ ಕಾಲ’ದೊಳಗೆ ಬರಬೇಕೆಂದಿತು. ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ತರಬೇಕಾಯಿತು. ಇನ್ನು 1989ರ ದೌರ್ಜನ್ಯ ತಡೆ ಕಾಯ್ದೆಯಂತೆ ದಲಿತರ ಭೂಮಿಯನ್ನು ಅಕ್ರಮವಾಗಿ ಉಳುವ ದಲಿತೇತರನಿಗೆ ಕನಿಷ್ಠ ಆರು ತಿಂಗಳ ಸಜೆ. ಅಂದರೆ ಈ ಕಾಯ್ದೆಯಲ್ಲಿ ಅತಿಕ್ರಮಿಸುವವನ ಚಹರೆಯೇ ಬದಲಾಗಿದೆ.

2024ರ ಜುಲೈ 1ರಿಂದ ಹಳೆ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 329ನೇ ಕಲಮಿನಲ್ಲಿ ದಂಡ 5000 ರೂಪಾಯಿಗೆ ಏರಿತು. ಸ್ವಾಧೀನ, ಕಿರಿಕಿರಿ ಎರಡೂ ಇದ್ದಲ್ಲೇ ಇವೆ. ಹಾಗಾಗಿ ಬೇಲಿಯ ಮುಂದೆ ನಿಂತಾಗ ನಾವು ಮೊದಲು ಕೇಳಬೇಕಾದ್ದು ಇಷ್ಟು: ಈ ಬೇಲಿ ಹಾಕಿದವರು ಯಾರು, ಯಾವಾಗ, ಯಾವ ಕಾಗದದ ಮೇಲೆ?